ಮಳಿ ಮಿಷನ್ ಗೋಣೆಪ್ಪ

ಕರಡಿಮಟ್ಟಿಯಲ್ಲಿ ಗೋಣೆಪ್ಪ ಎಂಬ ಹೆಸರಿನವರು ನಾಲ್ಕು ಜನ. ಒಬ್ಬ ಗಿರಣಿ ಗೋಣೆಪ್ಪ, ಒಬ್ಬ ಕುಂಟ ಗೋಣೆಪ್ಪ, ಇನ್ನೊಬ್ಬನಿಗೆ ಯಾವ ಗುರುತೂ ಇಲ್ಲದ್ದರಿಂದ ಅವನು ಬರೀ ಗೋಣೆಪ್ಪ. ನಾಲ್ಕನೆಯವನೇ ನಮ್ಮವನು, ಮಳಿ ಮಿಷನ್ ಗೋಣೆಪ್ಪ. ವಯಸ್ಸು ಐವತ್ತಾರು, ಒಣಗಿದ ಜಾಲಿ ಕಟ್ಟಿಗೆಯಂಥ ಮೈ, ತಲೆಗೆ ಮಾಸಿದ ಕೆಂಪು ಟವೆಲು. ಚಾದಂಗಡಿಯಲ್ಲಿ ಯಾರಾದರೂ ನಿನ್ನೆ ಛಲೋ ಮಳೆಯಾಯಿತು ಅಂದರೆ ಮುಗಿಯಿತು, ಛಲೋ ಅಂದರೆ ಎಷ್ಟು, ಹನ್ನೊಂದೂವರೆ ಮಿಲಿಮೀಟರ್ ಅನ್ನು ಎಂದು ಅಲ್ಲೇ ತಿದ್ದುತ್ತಿದ್ದ. ಹೆಂಡತಿ ಹುಲಗಮ್ಮ ಸಾರಿಗೆ ನೀರು ಹೆಚ್ಚು ಹಾಕಿದರೂ ಇವನು ಮಿಲಿಮೀಟರಿನಲ್ಲೇ ಜಗಳ ತೆಗೆಯುತ್ತಾನೆ ಎಂದು ಊರವರು ಗೇಲಿ ಮಾಡುತ್ತಿದ್ದರು. ಇದೆಲ್ಲ ಹಿಂದಿನ ಮಾತು. ಈಗ ಅವನೆದುರು ಯಾರೂ ಮಳೆಯ ಸುದ್ದಿ ಎತ್ತುವುದಿಲ್ಲ.

ಗಂಗಾವತಿ ಅಂದರೆ ಹೊರಗಿನವರಿಗೆ ಭತ್ತದ ಗದ್ದೆ, ಕಾಲುವೆ, ಅಕ್ಕಿ ಗಿರಣಿ ಇಷ್ಟೇ ಗೊತ್ತು. ಮರಳಿ, ಸಿದ್ದಾಪುರ ಎಂಬ ಊರುಗಳವರಿಗೆ ಅದು ನಿಜವೂ ಹೌದು. ಅದೇ ತಾಲ್ಲೂಕಾದರೂ ಕರಡಿಮಟ್ಟಿಗೆ ಕಾಲುವೆ ಬರಲಿಲ್ಲ, ಗುಡ್ಡ ಅಡ್ಡ ಬಂತು. ಊರ ಹಿಂದೆ ಏಳುವ ಜೋಡುಗುಂಡಿನ ಗುಡ್ಡವನ್ನು ಹತ್ತಲು ಎರಡು ತಾಸು ಬೇಕು. ಯಾರೋ ಗಾಡಿಗಟ್ಟಲೆ ತಂದು ಸುರುವಿ ಹೋದ ಹಾಗೆ ಬರೀ ಬಂಡೆಗಳು, ಸಂದುಗಳಲ್ಲಿ ಸೀತಾಫಲ, ಬಾರಿಗಿಡ, ಕರಡಿ, ಚಿರತೆ. ನೆತ್ತಿಯಾಚೆಗೆ ಆಳವಾದ ಕೊಳ್ಳ. ಆ ಕೊಳ್ಳದ ಹಳ್ಳ ಯಾವ ಊರನ್ನೂ ಮುಟ್ಟದೆ ನೇರ ಹೋಗಿ ತುಂಗಭದ್ರೆಗೆ ಬೀಳುತ್ತದೆ. ಗುಡ್ಡದ ಮೇಲೆ ಸುರಿದ ಮಳೆ ಎಷ್ಟೋ ಸಲ ಈಚೆಯ ಕರಡಿಮಟ್ಟಿಗೆ ಗೊತ್ತೇ ಆಗುವುದಿಲ್ಲ. ಇಲ್ಲಿ ಬಿಸಿಲು ಹೊಡೆಯುತ್ತಿರುತ್ತದೆ, ಅಲ್ಲಿ ಹಳ್ಳ ಬೊಬ್ಬೆ ಹಾಕುತ್ತಿರುತ್ತದೆ.

ಐದು ವರ್ಷದ ಹಿಂದೆ ಆ ನೆತ್ತಿಯ ಮೇಲೆ ಮಳೆ, ಗಾಳಿ, ಬಿಸಿಲು ಅಳೆಯುವ ಯಂತ್ರ ನಿಲ್ಲಿಸಬೇಕೆಂದು ದೊಡ್ಡ ಊರಿನ ಯಾವುದೋ ಕಚೇರಿಯಲ್ಲಿ ಕೂತವರು ನಕ್ಷೆಯಲ್ಲಿ ಒಂದು ಚುಕ್ಕೆ ಇಟ್ಟರು. ಚುಕ್ಕೆ ಇಡಲು ಏನು ಕಷ್ಟ! ಕಂಬ, ಬ್ಯಾಟರಿ, ಸೋಲಾರ್ ಫಲಕ, ಸಿಮೆಂಟು, ಮುಳ್ಳುತಂತಿಯ ಸುರುಳಿ, ಇವನ್ನೆಲ್ಲ ಹೊತ್ತವರು ಆರು ಜನ ಊರಿನವರು. ದಾರಿ ಗೊತ್ತಿದ್ದವನು ಒಬ್ಬನೇ, ಆಗಿನ್ನೂ ಆಡಿನ ಗೋಣೆಪ್ಪನಾಗಿದ್ದ ನಮ್ಮವನು. ಬ್ಯಾಟರಿಯನ್ನು ಕೂಸಿನ ಹಾಗೆ ಬೆನ್ನಿಗೆ ಕಟ್ಟಿಕೊಂಡು, ಕರಡಿಯ ಗವಿಗಳನ್ನು ಬಳಸಿ ಅವರನ್ನೆಲ್ಲ ಮೇಲೆ ಮುಟ್ಟಿಸಿದ. ಯಂತ್ರ ಕೂರಿಸಲು ಬಂದಿದ್ದ ಕೊಪ್ಪಳದ ಹುಡುಗ ಸಿದ್ದಾರ್ಥ ಆವತ್ತೇ ಇವನನ್ನು ಅದರ ಕಾವಲಿಗೆ ಗೊತ್ತುಮಾಡಿದ. ಪ್ರತಿ ಶನಿವಾರ ಹತ್ತಿ ಹೋಗಿ ಸೋಲಾರ್ ಫಲಕ ಒರೆಸುವುದು, ಮಳೆ ಬೀಳುವ ಆಲಿಕೆಯಲ್ಲಿ ಹಕ್ಕಿಯ ಹಿಕ್ಕೆ, ಎಲೆ ಕೂತಿದ್ದರೆ ತೆಗೆಯುವುದು, ಇಷ್ಟೇ ಕೆಲಸ. ಒಳಗೆ ಕೈ ಹಾಕಬಾರದು ಎಂದೂ ಹೇಳಿದ.

ಹೇಳಿದನಲ್ಲ, ಆದರೆ ಅದಕ್ಕೂ ಮೊದಲು ಒಳಗೇನಿದೆ ಎಂದು ಬಿಚ್ಚಿ ತೋರಿಸಿಯೂ ಬಿಟ್ಟಿದ್ದ. ಆಲಿಕೆಯ ಕೆಳಗೆ ಬೊಗಸೆಯಷ್ಟೂ ಇಲ್ಲದ ಎರಡು ಪುಟ್ಟ ಬಟ್ಟಲು, ನಡುವೆ ಒಂದು ಕೀಲು. ಒಂದು ಬಟ್ಟಲು ತುಂಬಿದರೆ ಟಕ್ ಎಂದು ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಒಂದು ಟಕ್ ಅಂದರೆ ಅರ್ಧ ಮಿಲಿಮೀಟರ್. ಯಂತ್ರ ಆ ಟಕ್ಕುಗಳನ್ನು ಎಣಿಸಿ ಗಾಳಿಯಲ್ಲಿ ಕಳಿಸುತ್ತದೆ. ಗೋಣೆಪ್ಪ ಬಾಯಿ ತೆರೆದುಕೊಂಡು ನೋಡಿದ. ಅಯ್ಯ, ಇದು ನಮ್ಮ ಅಪ್ಪನ ಕಾಲದ ಏತ ಅಲ್ಲವೇ ಅಂದ. ಆ ಗಳಿಗೆಯಿಂದ ಅದು ಸರಕಾರದ ಯಂತ್ರವಾಗಿ ಉಳಿಯಲಿಲ್ಲ, ಅವನದಾಯಿತು. ಕರಡಿ ಕಂಬಕ್ಕೆ ಮೈ ತಿಕ್ಕದಿರಲೆಂದು ಬುಡಕ್ಕೆ ಮುಳ್ಳು ಒಟ್ಟಿದ. ಮಂಗಗಳ ಕಾಟಕ್ಕೆ ಹೈರಾಣಾದ. ಒಂದು ಸಲ ಒಂದು ಮುಸುವ ಅವನ ಅಂಗಿಯ ಕಿಸೆಯಿಂದ ಫೋನು ಕಿತ್ತು ಕಮರಿಗೆ ಎಸೆದಿತ್ತು. ಅಂದಿನಿಂದ ಗುಡ್ಡಕ್ಕೆ ಹೋಗುವಾಗ ಫೋನನ್ನು ಮನೆಯಲ್ಲೇ ಇಟ್ಟು ಹೋಗುತ್ತಿದ್ದ.

ಅವನ ಆಡುಗಳು ತಂಗಿಯ ಗಂಡನ ಪಾಲಿಗೆ ಬಂದವು. ತಂಗಿ ಹಂಪವ್ವ ಅವನಿಗಿಂತ ಹನ್ನೆರಡು ವರ್ಷ ಚಿಕ್ಕವಳು. ಅವ್ವ ಬೇಗ ತೀರಿಹೋದದ್ದರಿಂದ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡೇ ಆಡು ಕಾದವನು ಗೋಣೆಪ್ಪ. ದೂರ ಕೊಡಲು ಮನಸ್ಸು ಬಾರದೆ ಇದೇ ಊರಿನ ಹೊನ್ನೂರಪ್ಪನಿಗೆ ಕೊಟ್ಟ. ಹೊನ್ನೂರಪ್ಪ ಕೆಟ್ಟವನಲ್ಲ, ಕುಡಿಯುವುದಿಲ್ಲ, ಹೊಡೆಯುವುದಿಲ್ಲ, ಅವನ ಕಾಲಿಗೆ ಮಾತ್ರ ನೆಲೆ ಇಲ್ಲ. ಒಂದು ಸಲ ಯಾರಿಗೂ ಹೇಳದೆ ಗೋವಾಕ್ಕೆ ಹೋಗಿ ಎಂಟು ತಿಂಗಳು ಗಾರೆ ಕೆಲಸ ಮಾಡಿ ಬಂದ. ಇನ್ನೊಂದು ಸಲ ಮಂಗಳೂರಿಗೆ ಹೋಗಿ ಬರುತ್ತೇನೆ ಅಂದ. ಯಲಬುರ್ಗಾ ಕಡೆಯ ಮಂಗಳೂರಿರಬೇಕು, ಅಲ್ಲಿ ಅವನ ಸೋದರತ್ತೆಯ ಮನೆ ಇದೆ, ಸಂಜೆಗೆ ಬರುತ್ತಾನೆ ಎಂದು ಇವಳು ರೊಟ್ಟಿ ಮುಚ್ಚಿಟ್ಟಳು. ಅವನು ಹೋದದ್ದು ಸಮುದ್ರದ ಮಂಗಳೂರಿಗೆ. ಬಂದದ್ದು ನಾಲ್ಕು ತಿಂಗಳ ಮೇಲೆ, ಒಂದು ಬುಟ್ಟಿ ಒಣಮೀನು ಹೊತ್ತು. ಊರೆಲ್ಲ ನಕ್ಕಿತು, ಕಡೆಗೆ ಹಂಪವ್ವನೂ ನಕ್ಕಳು. ಆಮೇಲೆ ಆಡು ಕೈಗೆ ಬಂದವು, ಮನುಷ್ಯ ನಿಂತ.

ಹೊನ್ನೂರಪ್ಪ ಆಡುಗಳನ್ನು ಹೊಡೆದುಕೊಂಡು ಹೋಗುತ್ತಿದ್ದದ್ದು ಆಚೆ ಕೊಳ್ಳಕ್ಕೆ. ಹಳ್ಳದ ಉಸುಕಿನಲ್ಲಿ ಕೈಯಿಂದ ತೋಡಿದರೆ ಒರತೆ ಜಿನುಗುತ್ತದೆ, ಆಡು ಕುಡಿಯುತ್ತವೆ, ಹೊಂಗೆಯ ನೆರಳಲ್ಲಿ ತಂಪಾದ ಉಸುಕಿನ ಮೇಲೆ ಮಧ್ಯಾಹ್ನದ ನಿದ್ದೆ. ಆಡು ಕಾಯುವವರಿಗೆ ಅಲ್ಲಿ ಒಂದು ಕಟ್ಟಳೆ ಇತ್ತು. ಜೋಡುಗುಂಡಿನ ಮೇಲೆ ಮೋಡ ಕಪ್ಪಿಟ್ಟಿತೆಂದರೆ, ಹನಿ ಬೀಳಲಿ ಬೀಳದಿರಲಿ, ಉಣ್ಣುತ್ತಿದ್ದ ಬುತ್ತಿಯನ್ನು ಅಲ್ಲೇ ಬಿಟ್ಟು ಹಳ್ಳದಿಂದ ಮೇಲೆ ಹತ್ತಿಬಿಡಬೇಕು. ಹತ್ತು ಸಲ ಹತ್ತಿದರೆ ಒಂಬತ್ತು ಸಲ ಮಳೆ ಬರುತ್ತಿರಲಿಲ್ಲ. ಆದರೂ ಹತ್ತುತ್ತಿದ್ದರು.

ಆ ಕಟ್ಟಳೆಯನ್ನು ಮುರಿದವನು ಗೋಣೆಪ್ಪ. ಗುಡ್ಡದಲ್ಲಿ ಜೋರು ಮಳೆಯಾದರೆ ಯಂತ್ರದ ಕಡೆಯಿಂದ ಕೆಳಗಿನವರ ಫೋನಿಗೆ ಎಚ್ಚರಿಕೆಯ ಸಂದೇಶ ಬರುವ ಏರ್ಪಾಡಿತ್ತು. ಪಟ್ಟಿಗೆ ಹೊನ್ನೂರಪ್ಪನ ನಂಬರನ್ನು ಇವನೇ ಮುಂದೆ ನಿಂತು ಸೇರಿಸಿದ. ಕೊಳ್ಳದಲ್ಲಿ ಹೊಳೆಯಾಚೆಯ ಟವರಿನ ಸಿಗ್ನಲ್ ಸಿಗುತ್ತಿತ್ತು. ಹೊನ್ನೂರಪ್ಪನಿಗೆ ಓದು ಬರುವುದಿಲ್ಲ, ಆದರೆ ಸಂದೇಶದ ಸದ್ದಿಗೆ ಗಿಳಿ ಕೂಗುವ ದನಿ ಇಟ್ಟುಕೊಟ್ಟಿದ್ದರು. ಎರಡು ವರ್ಷದಲ್ಲಿ ಎರಡು ಸಲ ಗಿಳಿ ಕೂಗಿತು, ಎರಡು ಸಲವೂ ಅರ್ಧ ತಾಸಿನಲ್ಲಿ ಹಳ್ಳ ಬಂತು. ಗೋಣೆಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೋಡ ಕಂಡ ಕೂಡಲೇ ಹೆದರಿ ಹತ್ತುವ ಕೆಲಸ ಇನ್ನು ಬೇಡ, ಯಂತ್ರ ಹೇಳಿದಾಗ ಹತ್ತಿದರೆ ಸಾಕು ಎಂದು ಎಲ್ಲರೆದುರಿಗೆ ಸಾರಿದ.

"ಮೋಡ ಸುಳ್ಳು ಹೇಳತೈತಿ, ಮಿಷನ್ ಹೇಳಂಗಿಲ್ಲ. ಗಿಳಿ ಕೂಗೂತನಕ ಹಾಯಾಗಿ ಮಕ್ಕೋ," ಎಂದ ಹೊನ್ನೂರಪ್ಪನಿಗೆ.

ಹೊನ್ನೂರಪ್ಪ ಹಾಗೇ ಮಲಗುತ್ತಿದ್ದ.

ಇನ್ನು ಎಣ್ಣೆಯ ಸಂಗತಿ. ಹೋದ ಬೇಸಿಗೆಯಲ್ಲಿ ಸಿದ್ದಾರ್ಥ ಬಂದು ಯಂತ್ರ ಬಿಚ್ಚಿ ನೋಡಿದಾಗ ಬಟ್ಟಲಿನ ಕೀಲು ಧೂಳಿನಿಂದ ಸ್ವಲ್ಪ ಬಿಗಿಯಾಗಿತ್ತು. ಊದಿ, ಬ್ರಷ್ಷಿನಿಂದ ಉಜ್ಜಿ, ಮುಂದಿನ ಸಲ ಬಂದಾಗ ಬದಲಿಸೋಣ ಅಂದ. ಅವನ ಪಾಲಿಗೆ ಇಂಥವು ನಲವತ್ತು ಯಂತ್ರಗಳು, ಮೂರು ಜಿಲ್ಲೆ. ಮುಂದಿನ ಸಲ ಬರಲೇ ಇಲ್ಲ. ಕಾರ ಹುಣ್ಣಿಮೆ ಬಂತು. ನಮ್ಮ ಕಡೆ ಕಾರ ಹುಣ್ಣಿಮೆಯ ಮುಂದೆ ತಿರುಗುವುದಕ್ಕೆಲ್ಲ ಎಣ್ಣೆ ಕಾಣಿಸುತ್ತಾರೆ. ಬಂಡಿಯ ಅಚ್ಚಿಗೆ, ಬಾವಿಯ ಗಡಗಡಿಗೆ, ಬಾಗಿಲ ತಿರುಗಣಿಗೆ. ಬಿತ್ತನೆಯ ದಿನ ಯಾವುದೂ ಕಿರ್ ಅನ್ನಬಾರದು. ಗೋಣೆಪ್ಪನ ಬಂಡಿ ಹೋಗಿ ಹತ್ತು ವರ್ಷವಾಗಿತ್ತು, ಅಚ್ಚಿಗೆ ಹಾಕುವ ಕೀಲೆಣ್ಣೆಯ ಡಬ್ಬಿ ಮಾತ್ರ ಜಂತಿಯಲ್ಲಿ ಹಾಗೇ ನೇತಾಡುತ್ತಿತ್ತು. ಔಡಲೆಣ್ಣೆಗೆ ಮಸಿ ಕೂಡಿಸಿದ ಮಂದ ಎಣ್ಣೆ ಅದು. ಈ ವರ್ಷ ಅದಕ್ಕೂ ಕೆಲಸ ಸಿಕ್ಕಿತೆಂದು ಖುಷಿಯಿಂದ ಡಬ್ಬಿ ಇಳಿಸಿಕೊಂಡು, ಒಂದು ಕೋಳಿ ಪುಕ್ಕ ಹಿಡಿದು ಗುಡ್ಡ ಹತ್ತಿದ. ಮೂರು ತಿರುಪು ಬಿಚ್ಚಿದ, ಕೀಲಿಗೆ ಎರಡೂ ಕಡೆ ಹಚ್ಚಿದ, ಬಟ್ಟಲನ್ನು ಬೆರಳಿನಿಂದ ತೂಗಿ ನೋಡಿದ. ಬೆಣ್ಣೆಯಲ್ಲಿ ಜಾರಿದ ಹಾಗೆ ವಾಲಿತು. ಒಳಗೆ ಕೈ ಹಾಕಬಾರದು ಎಂಬ ಮಾತು ನೆನಪಿರಲಿಲ್ಲವೇ ಅಂದರೆ, ಇತ್ತು. ಅದು ಕಂಡವರಿಗೆ ಹೇಳಿದ ಮಾತು, ತನಗಲ್ಲ ಎಂದುಕೊಂಡಿದ್ದ. ತನ್ನ ಎತ್ತಿನ ಬಾಯಿಗೆ ಕೈ ಹಾಕಬೇಡ ಎಂದು ಒಕ್ಕಲಿಗನಿಗೆ ಯಾರಾದರೂ ಹೇಳುತ್ತಾರೆಯೇ?

ಆ ಪ್ರೀತಿಗೆ ಏನೆಂದು ಬೈಯುವುದು! ಪಟ್ಟಣದಲ್ಲಿ ಬೆಳೆದವನಾಗಿದ್ದರೆ ಆಲಿಕೆ ಒರೆಸಿ ಮನೆಗೆ ಬರುತ್ತಿದ್ದ. ಇವನು ಎಣ್ಣೆ ಹಚ್ಚಿ, ಕೈ ಮುಗಿದು ಬಂದ. ಆ ವರ್ಷ ಮೃಗಶಿರದಿಂದ ಹುಬ್ಬೆಯವರೆಗೆ ಮಳೆಗಳೆಲ್ಲ ಗುಡ್ಡಕ್ಕೆ ಕೈ ಕೊಟ್ಟವು. ಬರೀ ಗಾಳಿ, ಧೂಳು. ಧೂಳು ಎಣ್ಣೆಗೆ ಕೂತಿತು, ಔಡಲದ ವಾಸನೆಗೆ ಇರುವೆ ಬಂದವು, ಅಲ್ಲೇ ಸತ್ತವು. ಮೂರು ತಿಂಗಳು ಯಂತ್ರ ಸೊನ್ನೆ ಕಳಿಸಿತು, ಮಳೆಯೂ ಇರಲಿಲ್ಲವಾದ್ದರಿಂದ ಯಾರಿಗೂ ಏನೂ ಅನ್ನಿಸಲಿಲ್ಲ.

ಉತ್ತರಿ ಮಳೆ ಕೂಡಿದ ಎಂಟನೆಯ ದಿನ ಶನಿವಾರ. ಗೋಣೆಪ್ಪ ಮಧ್ಯಾಹ್ನದ ಹೊತ್ತಿಗೆ ನೆತ್ತಿಯ ಮೇಲಿದ್ದ. ಫಲಕ ಒರೆಸುತ್ತಿದ್ದಂತೆ ಮೋಡ ಬಂದು ಗುಡ್ಡದ ಮೇಲೇ ಕೂತುಬಿಟ್ಟಿತು. ಮೊದಲ ಹನಿಗಳು ರೂಪಾಯಿಯಗಲ. ಆಮೇಲೆ ಹನಿ ಅನ್ನುವುದು ಉಳಿಯಲಿಲ್ಲ, ಕೊಡ ಸುರಿದ ಹಾಗೆ. ಬಂಡೆಯ ಮರೆಗೆ ಸರಿದು ಕೂತ ಗೋಣೆಪ್ಪನಿಗೆ ಖುಷಿಯೇ ಆಗಿತ್ತು. ಈಗ ಬಟ್ಟಲು ಟಕಟಕನೆ ಕುಣಿಯುತ್ತಿರಬೇಕು, ಕೆಳಗೆ ಗಿಳಿ ಕೂಗಿರಬೇಕು, ಹೊನ್ನೂರಪ್ಪ ಆಡು ಹೊಡೆದುಕೊಂಡು ದಡ ಹತ್ತಿರಬೇಕು. ಸದ್ದು ಕೇಳಲೆಂದು ನೆನೆಯುತ್ತಲೇ ಯಂತ್ರದ ಹತ್ತಿರ ಹೋಗಿ ಆಲಿಕೆಗೆ ಕಿವಿ ಹಚ್ಚಿದ. ನೀರು ಒಳಗೆ ಹೋಗುವ ಸದ್ದು ಇತ್ತು. ಟಕ್ ಇರಲಿಲ್ಲ.

ತಿರುಪು ಬಿಚ್ಚಿ ಆಲಿಕೆ ಎತ್ತಿದ. ಕೀಲಿನ ಸುತ್ತ ಕರ್ರಗಿನ ಜಿಗುಟು, ಇರುವೆ, ಮಣ್ಣು. ಒಂದು ಬಟ್ಟಲು ತುಂಬಿ ತುಳುಕಿ ಅಂಚಿನಿಂದ ಸುರಿಯುತ್ತಿದೆ, ವಾಲುತ್ತಿಲ್ಲ. ತಾನೇ ಹಚ್ಚಿದ ಎಣ್ಣೆ. ಬೆರಳಿನಿಂದ ಒತ್ತಿದ, ಅರ್ಧ ಬಂದು ನಿಂತಿತು. ತಲೆಯ ಟವೆಲು ಎಳೆದು ಗಸಗಸ ಉಜ್ಜಿದ. ಉಜ್ಜುವ ಭರದಲ್ಲಿ ಕೂದಲಿನಷ್ಟು ಸಣ್ಣ ಒಂದು ತಂತಿ ಕಿತ್ತು ಕೈಗೆ ಬಂತು. ಈಗ ಬಟ್ಟಲು ವಾಲಿತು. ಟಕ್, ಟಕ್, ಟಕ್. ಎಣಿಸುವವರು ಇಲ್ಲ. ಆ ತಂತಿಯನ್ನು ಎಲ್ಲಿಗೆ ಸಿಗಿಸಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಇದ್ದಬದ್ದ ಸಂದಿಗೆಲ್ಲ ಹಚ್ಚಿ ಹಚ್ಚಿ ನೋಡಿದ. ಕಣ್ಣಿಗೆ ನೀರು ಹೊಡೆಯುತ್ತಿತ್ತು. ಫೋನು ಮನೆಯಲ್ಲಿತ್ತು.

ತಂತಿ ಬಿಟ್ಟು ಕೊಳ್ಳದ ಅಂಚಿಗೆ ಓಡಿದ. ಕೆಳಗೆ ಏನೂ ಕಾಣುತ್ತಿರಲಿಲ್ಲ, ಬರೀ ಬಿಳಿಯ ಮಳೆ. ಹೊನ್ನೂರಪ್ಪನ ಹೆಸರು ಹಿಡಿದು ಕೂಗಿದ, ತನ್ನ ಕೂಗು ತನಗೇ ಕೇಳಿಸಲಿಲ್ಲ. ಇಳಿಯಲು ಇದ್ದ ಒಂದೇ ಸಂದಿನಲ್ಲಿ ಆಗಲೇ ನೀರು ಧುಮುಕುತ್ತಿತ್ತು. ಕಾಲಿಟ್ಟ, ಜಾರಿದ, ಮೊಣಕಾಲು ಒಡೆಯಿತು. ಮತ್ತೆ ಮೇಲೆ ತೆವಳಿ ಬಂದು ಬಂಡೆ ಹಿಡಿದುಕೊಂಡ. ಎಲ್ಲ ನೀರೂ ಎಲ್ಲಿಗೆ ಹೋಗುತ್ತಿದೆಯೆಂದು ಅವನಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ತಂಪಾದ ಉಸುಕಿನ ಮೇಲೆ ಒಬ್ಬ ಮನುಷ್ಯ ತನ್ನ ಮಾತು ನಂಬಿ, ಫೋನು ತಲೆದೆಸೆಗೆ ಇಟ್ಟುಕೊಂಡು, ಕಣ್ಣು ಮುಚ್ಚಿರುತ್ತಾನೆ. ಸ್ವಲ್ಪ ಹೊತ್ತಿಗೆ ಕೊಳ್ಳದಿಂದ ಲಾರಿಗಳು ಸಾಲಾಗಿ ಬಂದ ಹಾಗೆ ಸದ್ದು ಎದ್ದಿತು. ಗೋಣೆಪ್ಪ ಅಲ್ಲೇ ಕೂತುಬಿಟ್ಟ. ಮಾಡಲು ಏನೂ ಇರಲಿಲ್ಲ.

ನಾಲ್ಕು ಗಂಟೆಗೆ ಮಳೆ ನಿಂತು, ಏನೂ ಆಗಿಲ್ಲವೆಂಬಂತೆ ಬಿಸಿಲು ಬಿತ್ತು. ಸಂದಿನಲ್ಲಿ ನೀರು ಇಳಿದ ಮೇಲೆ ತೆವಳುತ್ತ ಕೆಳಗೆ ಬಂದ. ಉಸುಕು ಗುಡಿಸಿದ ಅಂಗಳದ ಹಾಗೆ ನುಣ್ಣಗಿತ್ತು. ಹೊಂಗೆಯ ಗಿಡ ಒಂದು ಕಡೆ ಬಾಗಿತ್ತು. ಆಡುಗಳು ಮಾತ್ರ, ಹದಿನಾಲ್ಕಕ್ಕೆ ಹದಿನಾಲ್ಕೂ, ದಡದ ಬಂಡೆಗಳ ಮೇಲೆ ನಿಂತು ಒದರುತ್ತಿದ್ದವು. ಅವಕ್ಕೆ ಯಾವ ಗಿಳಿಯೂ ಬೇಕಿರಲಿಲ್ಲ. ಗೋಣೆಪ್ಪ ಹೊಳೆಯವರೆಗೂ ಹುಡುಕುತ್ತ ಹೋದ. ಡ್ಯಾಮಿನಿಂದ ನೀರು ಬಿಟ್ಟಿದ್ದರು, ತುಂಗಭದ್ರೆ ಎರಡೂ ದಡ ತುಂಬಿ ಹೋಗುತ್ತಿತ್ತು.

ಮರುದಿನ ಪೊಲೀಸರು ಬಂದರು, ಊರವರು ಕೂಡಿ ಕೊಳ್ಳ ಜಾಲಾಡಿದರು. ಹೆಣ ಸಿಗಲಿಲ್ಲ, ಚಪ್ಪಲಿಯೂ ಸಿಗಲಿಲ್ಲ. ಇನ್ನು ಮುಂದೆ ನಡೆದದ್ದನ್ನು ಕೇಳಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಜಮಾದಾರ ಹೈದರಸಾಬ ತಿಳಿವಳಿಕೆಯ ಮನುಷ್ಯ, ಗೋಣೆಪ್ಪ ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದರು. ಆದರೆ ಈಚೆ ಊರಲ್ಲಿ ಒಂದು ಹನಿ ಬಿದ್ದಿಲ್ಲ, ಆವತ್ತು ಕೊಳ್ಳಕ್ಕೆ ಬೇರೆ ಯಾರೂ ಆಡು ಹೊಡೆದುಕೊಂಡು ಹೋಗಿರಲಿಲ್ಲ. ಗಿಡಗಂಟಿಗೆ ಸಿಕ್ಕ ಕಸವನ್ನು ತೋರಿಸಿದರೆ, ಅದು ಹೊಳೆ ಏರಿ ಹಳ್ಳದೊಳಗೆ ನುಗ್ಗಿದ ಗುರುತು ಎಂದು ಅಂಬಿಗರು ಹೇಳಿದರು. ಆಡು ಒಂದೂ ಹೋಗಿಲ್ಲ, ಮನುಷ್ಯ ಮಾತ್ರ ಹೇಗೆ ಹೋದ? ಎಲ್ಲಕ್ಕಿಂತ ಹೆಚ್ಚಾಗಿ, ಕಚೇರಿಯಿಂದ ತರಿಸಿದ ಕಾಗದದಲ್ಲಿ ಆ ದಿನ ಜೋಡುಗುಂಡಿನ ಗುಡ್ಡದ ಮಳೆ ಎಂದು ಬರೆದಲ್ಲಿ ಒಂದು ಸೊನ್ನೆ, ಒಂದು ಚುಕ್ಕೆ, ಇನ್ನೊಂದು ಸೊನ್ನೆ ಇತ್ತು.

ಹಿಂದೆ ಎರಡು ಸಲ ಹೇಳದೆ ಹೋದವನು, ಮೂರನೆಯ ಸಲವೂ ಹೋಗಿರಬಹುದು ಎಂದು ಮೊದಲು ಯಾರು ಅಂದರೋ ಗೊತ್ತಿಲ್ಲ, ಎರಡು ದಿನದಲ್ಲಿ ಊರೆಲ್ಲ ಅದನ್ನೇ ಹೇಳತೊಡಗಿತು. ಗೋಣೆಪ್ಪ ಮನೆ ಮನೆಗೆ, ದಿನಾ ಠಾಣೆಗೂ ಹೋಗಿ, ನಾನು ಅಲ್ಲೇ ಇದ್ದೆ, ಮಳೆ ಬಂತು, ನನ್ನ ಮೈ ಮೇಲೆ ಬಂತು ಅಂದ. ಜನ ಅವನದೇ ಮಾತನ್ನು ಅವನಿಗೆ ತಿರುಗಿಸಿ ಕೊಟ್ಟರು. ಯಂತ್ರ ಸುಳ್ಳು ಹೇಳುವುದಿಲ್ಲ ಅಂತ ಐದು ವರ್ಷ ನಮ್ಮ ತಲೆ ತಿಂದವನು ನೀನೇ ಅಲ್ಲವೇ? ಎಣ್ಣೆಯ ಮಾತು ಹೇಳಿದ್ದರೆ ನಂಬುತ್ತಿದ್ದರೇನೋ. ಅದು ಬಾಯಿಗೆ ಬರಲಿಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ದಿನಾ ನುಂಗಿದ. ಊಟ ಸೇರಲಿಲ್ಲ. ಹುಲಗಮ್ಮ ಗಂಡನಿಗೆ ಗಾಳಿ ಸೋಕಿತೆಂದು ನಿವಾಳಿಸಿ ಹಾಕಿದಳು.

ಹನ್ನೆರಡನೆಯ ದಿನ ಸಿದ್ದಾರ್ಥ ಬಂದ. ಇಬ್ಬರೂ ಗುಡ್ಡ ಹತ್ತಿದರು. ಆಲಿಕೆ ಎತ್ತುತ್ತಲೇ ಹುಡುಗ ಬೆರಳಿಗೆ ಹತ್ತಿದ ಜಿಗುಟನ್ನು ಮೂಸಿ ನೋಡಿದ.

"ಕಾಕಾ, ಇದೇನ್ರಿ ಇದು?"

"ಕೀಲೆಣ್ಣಿರಿ. ಕಾರಹುಣ್ಣಿಮಿಗೆ ನಾನ ಹಚ್ಚಿದ್ದೆ."

ಅಷ್ಟು ಹೊರಬಿದ್ದ ಮೇಲೆ ಉಳಿದದ್ದೂ ಬಂತು. ತಂತಿ, ಗಿಳಿ, ಹಾಯಾಗಿ ಮಲಗು ಎಂದ ಮಾತು, ಎಲ್ಲ. ಸಿದ್ದಾರ್ಥ ಬೈಯುತ್ತಾನೆ, ಕೊರಳಪಟ್ಟಿ ಹಿಡಿಯುತ್ತಾನೆ ಎಂದು ಗೋಣೆಪ್ಪ ಕಾದ. ಅವನು ಬೈಯಲಿಲ್ಲ. ಬಂಡೆಯ ಮೇಲೆ ಕೂತು, ಬೇಸಿಗೆಯಲ್ಲೇ ಆ ಕೀಲನ್ನು ಬದಲಿಸಬೇಕಿತ್ತು, ತಾನೂ ಬರಲಿಲ್ಲ ಅಂದ. ಇಬ್ಬರಿಗೂ ಅತ್ತುಬಿಡುವಷ್ಟು ಸಂಕಟವಾಯಿತು, ಇಬ್ಬರೂ ಅಳಲಿಲ್ಲ. ಆ ದಿನದ ಸೊನ್ನೆ ಅಳಿಸಿ ಬಿದ್ದಷ್ಟು ಮಳೆ ಬರೆಯಲು ಬರುತ್ತದೆಯೇ ಎಂದು ಗೋಣೆಪ್ಪ ಕೇಳಿದ.

"ಮಿಷನ್ ಕೆಟ್ಟಿತ್ತು, ಆ ಸೊನ್ನಿ ನಂಬಬ್ಯಾಡ್ರಿ ಅಂತ ಬರೀತೀನಿ ಕಾಕಾ. ಮಳಿ ಬಂತು ಅಂತ ಬರಿಯಾಕ ನನಗ ಬರಂಗಿಲ್ಲ. ಅದನ್ನ ನೀವ ಹೇಳಬೇಕು."

ಹುಡುಗ ಮಾತಿಗೆ ತಪ್ಪಲಿಲ್ಲ. ನಾಲ್ಕೇ ದಿನದಲ್ಲಿ ಅವನ ಕಾಗದ ಪೊಲೀಸ್ ಠಾಣೆಗೆ ಬಂತು. ಹೈದರಸಾಬರು ಸೋಮವಾರ ಹೇಳಿ ಕಳಿಸಿದರು. ನಾಳೆ ಮಂಗಳವಾರ ಗೋಣೆಪ್ಪ ಬಂದು, ಕಣ್ಣಾರೆ ಕಂಡದ್ದನ್ನು ಹೇಳಿ ಸಹಿ ಮಾಡಲಿ. ಯಂತ್ರ ಕೆಟ್ಟದ್ದು ಖಾತ್ರಿಯಾಗಿದೆ, ಅವನ ಮಾತು ಬಿದ್ದರೆ ಹೊನ್ನೂರಪ್ಪ ಹಳ್ಳಕ್ಕೆ ಹೋದನೆಂದೇ ಬರೆದು ಮುಗಿಸಬಹುದು. ಗೋಣೆಪ್ಪನಿಗೆ ಹದಿನೇಳು ದಿನದಲ್ಲಿ ಮೊದಲ ಸಲ ಉಸಿರು ಬಂದ ಹಾಗಾಯಿತು. ತಪ್ಪು ಹೊರಗೆ ಬೀಳುತ್ತದೆ, ಬೈಯುವವರು ಬೈಯುತ್ತಾರೆ, ಸತ್ತವನಿಗೆ ಓಡಿಹೋದವನೆಂಬ ಹೆಸರು ತಪ್ಪುತ್ತದೆ, ದಿನಕರ್ಮವಾದರೂ ಆಗುತ್ತದೆ. ಮರುದಿನ ಬೆಳಿಗ್ಗೆ ತೊಳೆದ ಧೋತರ ಉಟ್ಟ.

ಹೊರಡುವ ಮುಂದೆ ಹಂಪವ್ವ ಬಂದಳು. ತಲೆ ಬಾಚಿ, ಹೂ ಮುಡಿದು, ಕೈತುಂಬ ಹಸಿರು ಬಳೆ. ಅತ್ತಿಗೆ ಕೊಟ್ಟ ಚಾ ಕುಡಿಯಲಿಲ್ಲ. ಅಣ್ಣನನ್ನು ಖಾಲಿ ಬಿದ್ದ ಆಡಿನ ದೊಡ್ಡಿಯ ಹಿಂದಕ್ಕೆ ಕರೆದುಕೊಂಡು ಹೋಗಿ, ಏನು ಹೇಳಲು ಹೊರಟಿದ್ದೀಯೆಂದು ಕೇಳಿದಳು. ಗೋಣೆಪ್ಪ ಅವಳ ಮುಖ ನೋಡದೆ, ನೆಲ ನೋಡುತ್ತ ಹೇಳಿದ.

"ಹಂಪವ್ವ, ಆವತ್ತು ಮಳಿ ಬಂದಿತ್ತು. ಹಳ್ಳ ಬಂದಿತ್ತು. ಮಿಷನ್ ಕೆಡಿಸಿದಾಂವ ನಾನು, ಎಣ್ಣಿ ಹಚ್ಚಿ..."

"ಎಣ್ಣಿ ಸುದ್ದಿ ನನಗ ಹೇಳಬ್ಯಾಡ. ನಾ ಕೇಳಿಲ್ಲ." ಅವಳ ದನಿ ಏರಲಿಲ್ಲ. "ಮಿಷನ್‌ನ್ಯಾಗ ಸೊನ್ನಿ ಐತಿ. ಸೊನ್ನಿ ಇರ್ಲಿ, ಅಣ್ಣ. ಅದು ಇರೂತನಕ ಅಂವ ಅದಾನ."

ಅವನು ಬಾಯಿ ತೆರೆದ. ಅವಳು ಬಿಡಲಿಲ್ಲ. ಗೋವಾಕ್ಕೆ ಹೋದಾಗ ಎಂಟು ತಿಂಗಳು ಕಾದೆ, ಮಂಗಳೂರಿಗೆ ಹೋದಾಗ ನಾಲ್ಕು ತಿಂಗಳು ಕಾದೆ, ಕಾಯುವುದು ನನಗೆ ಬರುತ್ತದೆ, ಇನ್ನೊಂದು ನನಗೆ ಬರುವುದಿಲ್ಲ ಎಂದಳು. ನೀನು ಸಹಿ ಮಾಡಿದ ದಿನವೇ ಇವರೆಲ್ಲ ಬಂದು ನನ್ನ ಬಳೆ ಒಡೆಯುತ್ತಾರೆ ಎಂದಳು. ಆಮೇಲೆ ಹುಟ್ಟಿದಂದಿನಿಂದ ಮಾಡದ ಕೆಲಸ ಮಾಡಿದಳು. ಬಗ್ಗಿ ಅಣ್ಣನ ಎರಡೂ ಕಾಲು ಹಿಡಿದಳು.

"ನೀ ನನಗ ಏನೂ ಕೊಡಬ್ಯಾಡ. ಇಷ್ಟು ಕೊಡು."

ಗೋಣೆಪ್ಪನಿಗೆ ಕಾಲು ಬಿಡಿಸಿಕೊಳ್ಳಲೂ ಆಗಲಿಲ್ಲ, ಹೂಂ ಅನ್ನಲೂ ಆಗಲಿಲ್ಲ. ಅವಳಿಗೆ ಗೊತ್ತಿದೆಯೋ, ಗೊತ್ತಿದ್ದೂ ಬೇಡವೋ, ಅವನಿಗೆ ತಿಳಿಯಲಿಲ್ಲ. ಇಬ್ಬರೂ ಒಂದೇ ಟಂಟಂನಲ್ಲಿ ಠಾಣೆಗೆ ಹೋದರು. ಹಂಪವ್ವ ಅಂಗಳದ ಬೇವಿನ ಕಟ್ಟೆಯ ಮೇಲೆ ಕೂತಳು. ಹೈದರಸಾಬರ ಮೇಜಿನ ಪಕ್ಕದ ಕಿಟಕಿಯಿಂದ ಅವಳ ಬೆನ್ನು, ಮುಡಿದ ಹೂ ಕಾಣುತ್ತಿದ್ದವು.

ಜಮಾದಾರರು ಸಿದ್ದಾರ್ಥನ ಕಾಗದ ಬಿಡಿಸಿಟ್ಟುಕೊಂಡು, ಪೆನ್ನಿನ ಮುಚ್ಚಳ ತೆಗೆದು, ಈ ಸಲ ನಿನ್ನ ಮಾತಿಗೆ ಬೆಲೆ ಐತಿ ಗೋಣೆಪ್ಪ, ನಡೆದದ್ದು ನಡೆದಂಗ ಹೇಳು ಎಂದರು. ಆವತ್ತು ಗುಡ್ಡದ ಮೇಲೆ ಮಳೆ ಬಂತೋ ಇಲ್ಲವೋ? ಗೋಣೆಪ್ಪ ಕಿಟಕಿಯ ಕಡೆ ನೋಡಿದ. ಹೇಳಬೇಕಾದದ್ದು ಗಂಟಲಲ್ಲಿ ಸಿದ್ಧವಾಗಿ ನಿಂತಿತ್ತು. ಹದಿನೇಳು ದಿನ ಕೇಳುವವರಿಲ್ಲದ ಮಾತು, ಈಗ ಕೇಳುವವರು ಕೈಯಲ್ಲಿ ಪೆನ್ನು ಹಿಡಿದು ಕೂತಿದ್ದರು.

"ಬಂದಿಲ್ರಿ," ಎಂದ.

ಹೈದರಸಾಬರು ಪೆನ್ನು ಕೆಳಗಿಟ್ಟರು. ಇಷ್ಟು ದಿನ ಬಂತು ಬಂತು ಎಂದು ಠಾಣೆಯ ಹೊಸ್ತಿಲು ಸವೆಸಿದೆಯಲ್ಲ, ಅದೇನು ಎಂದು ಕೇಳಿದರು. ತಲೆ ಕೆಟ್ಟಿತ್ತು, ಮನೆಯವನು ಕಾಣದಾದ ಸಂಕಟದಲ್ಲಿ ಬಾಯಿಗೆ ಬಂದದ್ದು ಅಂದೆ ಎಂದ. ಅವರು ಒಂದು ಸಲ ಕಿಟಕಿಯ ಕಡೆಗೆ ನೋಡಿದರು. ಮತ್ತೆ ಏನೂ ಕೇಳದೆ, ಅವನು ಹೇಳಿದ ಹಾಗೇ ನಾಲ್ಕು ಸಾಲು ಬರೆದು ಮುಂದೆ ಸರಿಸಿದರು. ಗೋಣೆಪ್ಪನಿಗೆ ಬರುವುದು ತನ್ನ ಹೆಸರೊಂದೇ. ಅದನ್ನು ಬರೆದ.

ಹೊರಗೆ ಬಂದಾಗ ಹಂಪವ್ವ ಎದ್ದು ನಿಂತಳು. ಅವನು ಏನೂ ಹೇಳುವ ಮೊದಲೇ ಅವಳಿಗೆ ಮುಖದಲ್ಲಿ ತಿಳಿಯಿತು. ಸೆರಗಿನಿಂದ ಮುಖ ಒರೆಸಿಕೊಂಡಳು. ಬಸ್‌ಸ್ಟ್ಯಾಂಡಿನ ಹತ್ತಿರ ನಿಂತು, ಅವನಿಗೆ ಹಸಿವಾಗಿರಬೇಕೆಂದು ಎರಡು ಮಿರ್ಚಿ ಭಜಿ ಕೊಡಿಸಿದಳು, ತಾನೂ ಒಂದು ತಿಂದಳು. ಇಷ್ಟು ದಿನದ ಮೇಲೆ ಅವಳು ಏನನ್ನಾದರೂ ರುಚಿಯಿಂದ ತಿಂದದ್ದು ಅದೇ ಮೊದಲು. ತಿಂದು ಕೈ ಒರೆಸಿಕೊಳ್ಳುತ್ತ ಅಣ್ಣನ ಮುಖ ನೋಡಿದಳು.

"ಹಂಗಾರ ಯಾವಾಗ ಬರ್ತಾನ, ಅಣ್ಣ?"

ಗೋಣೆಪ್ಪ ಬಸ್ಸು ಬರುವ ದಾರಿಯ ಕಡೆ ತಿರುಗಿದ. ಅವಳು ಅಲ್ಲಿಂದ ಕದಲಲಿಲ್ಲ, ಕಣ್ಣು ಕೀಳಲಿಲ್ಲ. ಬಸ್ಸು ಬಂದು ಹಾರ್ನ್ ಹೊಡೆಯಿತು.

"ಸೀಗಿ ಹುಣ್ಣಿಮಿಗೆ ಬರ್ತಾನವ್ವ," ಎಂದ.

ಹುಣ್ಣಿಮೆಗೆ ಒಂಬತ್ತು ದಿನ ಉಳಿದಿತ್ತು.